ಮಾಳಿಗೆಯ ಮಣ್ಣು

ಯಾರ ಮನೆಗೆ ಹೋದರೂ ಒಳಗೆ ಕಾಲಿಟ್ಟ ತಕ್ಷಣ ನನ್ನ ತಲೆ ತಾನಾಗಿ ಮೇಲಕ್ಕೆ ಎದ್ದುಬಿಡುತ್ತದೆ. ಬೇರೆಯವರು ಟೀವಿ ಎಷ್ಟು ದೊಡ್ಡದು, ಸೋಫಾ ಯಾವ ಬಣ್ಣದ್ದು ಎಂದು ನೋಡಿದರೆ ನಾನು ಮಾಳಿಗೆ ನೋಡುತ್ತೇನೆ. ಬಿರುಕು ಇದೆಯೇ, ತೇವ ಇಳಿದಿದೆಯೇ, ಫ್ಯಾನಿನ ಕೊಂಡಿಯ ಸುತ್ತ ಗಾರೆ ಉದುರಿದೆಯೇ? ಇದೆಲ್ಲ ಆದ ಮೇಲೆ ಮನೆಯವರ ಮುಖ. ಚಹಾ ಕೊಟ್ಟರೆ ಅದನ್ನೂ ಗೋಡೆಗೆ ಒತ್ತಿ ಕೂತೇ ಕುಡಿಯುತ್ತೇನೆ. ಬಿದ್ದರೆ ಮೊದಲು ಬೀಳುವುದು ನಡುಭಾಗ ಎಂಬುದು ನನ್ನ ಲೆಕ್ಕ.

ಹೆಣ್ಣು ನೋಡಲು ಚೋರನೂರಿಗೆ ಹೋದಾಗಲೂ ಇದೇ ಆಯಿತು. ಹುಡುಗಿ ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ಮುಂದಿಟ್ಟು ಚಾಪೆಯ ಮೇಲೆ ಕೂತಳು. ನನ್ನ ಕಣ್ಣು ಮಾತ್ರ ಅವಳ ನೆತ್ತಿಯ ನೇರಕ್ಕಿದ್ದ ಜಂತಿಯ ಮೇಲೆ ನೆಟ್ಟಿತ್ತು. ಅದರ ತುದಿಗೆ ಗೆದ್ದಲು ಹತ್ತಿತ್ತು. ಹುಡುಗ ನಾಚಿಕೊಂಡಿದ್ದಾನೆ ಎಂದು ಅವರ ಕಡೆಯವರು ಮಾತಾಡಿಕೊಂಡರಂತೆ. ನಾಚಿದವರು ತಲೆ ತಗ್ಗಿಸುತ್ತಾರೆಯೇ ಹೊರತು ಎತ್ತುವುದಿಲ್ಲ ಎಂಬುದು ಪುಣ್ಯಕ್ಕೆ ಯಾರಿಗೂ ಹೊಳೆಯಲಿಲ್ಲ. ಆ ಹುಡುಗಿಯೇ ಈಗ ನನ್ನ ಹೆಂಡತಿ ಹುಲಿಗೆಮ್ಮ. "ಇವ್ರು ನನ್ನ ಎಲ್ಲಿ ನೋಡಿದ್ರವ್ವ? ನಮ್ಮಪ್ಪನ ಮನಿ ಜಂತಿ ನೋಡಿ ಒಪ್ಕೊಂಡ್ರು" ಎಂದು ಬಂದವರ ಮುಂದೆಲ್ಲ ಇವತ್ತಿಗೂ ಹೇಳುತ್ತಾಳೆ. ಹೆಸರಿನಲ್ಲಿರುವ ಹುಲಿ ಅವಳ ಮೈಯಲ್ಲೂ ಇದೆ. ಮನೆಯ ಪುಕ್ಕಲುತನವನ್ನೆಲ್ಲ ನಾನೊಬ್ಬನೇ ವಹಿಸಿಕೊಂಡಿದ್ದೇನೆ.

ಈ ಪುಕ್ಕಲುತನಕ್ಕೆ ನನಗೆ ಸಂಬಳವೂ ಬರುತ್ತದೆ ಎಂದರೆ ನೀವು ನಗಬಾರದು. ಕುರೆಕುಪ್ಪದ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಸೆಕ್ಷನ್ನಿನವನು. ಹೆಲ್ಮೆಟ್ ಹಾಕದವರಿಗೆ ಹೆಲ್ಮೆಟ್ ಹಾಕಿಸುವುದು, ಅಪಾಯ ಇದ್ದಲ್ಲಿ ಕೆಂಪು ಬಿಳಿ ಪಟ್ಟಿ ಕಟ್ಟುವುದು, ಅಪಾಯ ಇಲ್ಲದ ಕಡೆಯೂ ಒಮ್ಮೆ ಹೋಗಿ ಹೆದರಿ ಬರುವುದು. ಸಂಜೆ ಬಸ್ಸಿನಿಂದ ಪಾಪಿನಾಯಕನಹಳ್ಳಿಯಲ್ಲಿ ಇಳಿದು ಮನೆಗೆ ನಡೆದರೆ ಅಲ್ಲಿಂದ ಸಂಬಳವಿಲ್ಲದ ಹೆದರಿಕೆ ಶುರು. ಏಕೆಂದರೆ ನಮ್ಮದು ಮಣ್ಣಿನ ಮಾಳಿಗೆಯ ಮನೆ.

ಮಣ್ಣಿನ ಮಾಳಿಗೆ ಗೊತ್ತಿಲ್ಲದವರಿಗೆ ಒಂದು ಮಾತು. ಗೋಡೆಯಿಂದ ಗೋಡೆಗೆ ದಪ್ಪನೆಯ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಕಟ್ಟಿಗೆ ಸೀಳು, ಅದರ ಮೇಲೆ ಸೊಪ್ಪು, ಎಲ್ಲದರ ಮೇಲೆ ನೀರು ಹಿಡಿಯದ ಸವಳು ಮಣ್ಣು. ಬೇಸಿಗೆಗೆ ಒಳಗೆ ತಣ್ಣಗಿರುತ್ತದೆ, ಚಳಿಗೆ ಬೆಚ್ಚಗಿರುತ್ತದೆ. ಬಂದ ನೆಂಟರು ಎಂಥಾ ಹಿತವಾದ ಮನೆ ಎಂದು ಹೊಗಳಿ, ರಾತ್ರಿ ಊಟ ಮುಗಿಸಿ ತಮ್ಮ ಆರ್‌ಸಿಸಿ ಮನೆಗೆ ಹೊರಟುಹೋಗುತ್ತಾರೆ. ಮಲಗುವವರು ನಾವು.

ನಮ್ಮ ಓಣಿಯಲ್ಲಿ ಶಿವರಾತ್ರಿ ಮುಗಿದು ಚಳಿ ಹಿಂದೆ ಸರಿದ ಕೂಡಲೇ ಮನೆ ನೋಡುವ ಕೆಲಸ. ಯುಗಾದಿಗೆ ಸುಣ್ಣ ಬಳಿಯುವ ಮೊದಲೇ ನೋಡಬೇಕು, ಬಳಿದ ಮೇಲೆ ಬಿರುಕು ಎಲ್ಲಿ ಕಾಣುತ್ತದೆ? ಮಳೆಗಾಲದಲ್ಲಿ ನೆನೆದ ಮಣ್ಣು ಚಳಿಗಾಲದ ಒಣಗಾಳಿಗೆ ಬಿಗಿದು ಸೀಳು ಬಿಡುತ್ತದೆ. ಇಲಿ, ಅಳಿಲು ಬಿಲ ಮಾಡಿರುತ್ತವೆ. ಗೋಡೆಯ ತಂಪು ಹಿಡಿದು ಗೆದ್ದಲು ಮೇಲೇರಿರುತ್ತದೆ. ಗಣಿ ಲಾರಿಗಳು ಓಡಾಡಿ ಅಲುಗಿಸಿದ್ದು ಬೇರೆ. ಇದನ್ನೆಲ್ಲ ನೋಡಿ, ಸೀಳು ಕಂಡಲ್ಲಿ ಹೊಲದ ಅಂಚಿನಿಂದ ಸವಳು ಮಣ್ಣು ತಂದು ಸುರಿದು, ನೀರು ಚಿಮುಕಿಸಿ ಬಡಿದರೆ ಆ ವರ್ಷದ ಮಟ್ಟಿಗೆ ಸಮಾಧಾನ. ನಮ್ಮಜ್ಜ ಮಾಡಿದ್ದು ಇದನ್ನೇ, ನಮ್ಮಪ್ಪ ಮಾಡಿದ್ದು ಇದನ್ನೇ. ಆಚೆ ಈಚೆ ಮನೆಯವರು ಮಾಡುವುದೂ ಇದನ್ನೇ.

ಅಪ್ಪನಿಗೆ ಒಂದು ಬಿದಿರಿನ ಕೋಲಿತ್ತು. ಮನೆ ನೋಡುವ ದಿನ ಅವನು ಮಡಚಿ ಕಟ್ಟಿದ ಪಂಚೆಯಲ್ಲಿ ಕೋಣೆಯಿಂದ ಕೋಣೆಗೆ ಹೋಗಿ ಒಂದೊಂದೇ ಜಂತಿಯನ್ನು ಕೆಳಗಿನಿಂದ ಬಡಿಯುತ್ತಿದ್ದ. ಬಡಿದು ಕಣ್ಣು ಮುಚ್ಚಿ ಕೇಳುತ್ತಿದ್ದ. ನಾವು ಮಕ್ಕಳು ಉಸಿರು ಬಿಗಿಹಿಡಿದು ಬಾಗಿಲ ಸಂದಿಯಲ್ಲಿ ನಿಂತಿರುತ್ತಿದ್ದೆವು. ಸದ್ದು ಗಟ್ಟಿಯಾಗಿ ಬಂದರೆ ಅಪ್ಪ "ಹ್ಞೂಂ" ಎನ್ನುತ್ತಿದ್ದ. ಟೊಳ್ಳು ಸದ್ದು ಬಂದರೆ ಏನೂ ಅನ್ನುತ್ತಿರಲಿಲ್ಲ. ಆ ರಾತ್ರಿ ಅವ್ವ ನಮ್ಮ ಹಾಸಿಗೆಯನ್ನು ಸದ್ದಿಲ್ಲದೆ ಬೇರೆ ಗೋಡೆಗೆ ಸರಿಸುತ್ತಿದ್ದಳು. ನಾವೂ ಯಾಕೆ ಎಂದು ಕೇಳುತ್ತಿರಲಿಲ್ಲ.

ಆಗ ಊಟದ ತಟ್ಟೆಗೆ ಮೇಲಿನಿಂದ ಮಣ್ಣು ಉದುರುವುದು ದೊಡ್ಡ ವಿಷಯವೇ ಆಗಿರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಅದರ ಮೇಲೆ ಚಿಟಿಕೆ ಮಣ್ಣು. ತಟ್ಟೆಯಂಚಿಗೆ ಸರಿಸಿ ತಿನ್ನುತ್ತಿದ್ದೆವು. ಒಮ್ಮೆ ಮಣ್ಣಿನ ಬದಲು ಚೇಳು ಬಿತ್ತು. ಅಣ್ಣ ಅದನ್ನು ಲೋಟದಿಂದ ಮುಚ್ಚಿ, ಲೋಟದ ಮೇಲೆ ಕೈಯಿಟ್ಟುಕೊಂಡೇ ಊಟ ಮುಗಿಸಿದ. ನಾನು ಮಾತ್ರ ಆ ದಿನದಿಂದ ಒಂದು ಕಣ್ಣು ತಟ್ಟೆಯಲ್ಲಿ, ಇನ್ನೊಂದು ಜಂತಿಯಲ್ಲಿ ಇಟ್ಟು ಉಣ್ಣುವುದನ್ನು ಕಲಿತೆ. ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಮೆಳ್ಳಗಣ್ಣ ಎಂದೇ ತಿಳಿದಿದ್ದರು.

ಆದರೆ ನಿಜವಾದ ಹೆದರಿಕೆ ಹುಟ್ಟಿದ್ದು ಚೇಳಿನಿಂದಲ್ಲ. ಒಂದು ಮಳೆಗಾಲದಲ್ಲಿ ಹಿಂದಿನ ಓಣಿಯ ಈರಮ್ಮಜ್ಜಿಯ ಮನೆಯ ಮಾಳಿಗೆ ಕೂತುಬಿಟ್ಟಿತು. ಬಿತ್ತು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಕೂತಿತು ಎನ್ನುತ್ತಾರೆ. ಗಂಡಸರು ಸಲಿಕೆ ಹಿಡಿದು ಓಡಿದರು, ನಾನೂ ಅಪ್ಪನ ಹಿಂದೆ ಓಡಿದೆ. ಅಜ್ಜಿಯನ್ನು ಜೀವಂತ ತೆಗೆದರು. ಮೂಳೆ ಕೂಡ ಮುರಿದಿರಲಿಲ್ಲ. ಆದರೆ ಕೂದಲು, ಕಿವಿ, ಬಾಯಿ ಎಲ್ಲ ಮಣ್ಣು. ಎಷ್ಟು ಕರೆದರೂ ಮಾತಾಡದೆ ದೊಡ್ಡದಾಗಿ ಕಣ್ಣು ಬಿಟ್ಟು ಮೇಲೆ ನೋಡುತ್ತಿದ್ದಳು. ಮೇಲೆ ಬರೀ ಆಕಾಶ ಇತ್ತು. ಆಮೇಲೆ ಬದುಕಿದ್ದಷ್ಟು ದಿನ ಅವಳು ಯಾರ ಮಾಳಿಗೆಯ ಕೆಳಗೂ ಮಲಗಲಿಲ್ಲ, ಬೇವಿನ ಮರದ ಕೆಳಗೇ ಹಾಸಿಗೆ. ಆ ಕಣ್ಣು ನನ್ನನ್ನು ಇಷ್ಟು ವರ್ಷವಾದರೂ ಬಿಟ್ಟಿಲ್ಲ.

ಈಗ ಈ ವರ್ಷದ ಮಾತಿಗೆ ಬರುತ್ತೇನೆ. ನಮ್ಮ ಒಬ್ಬಳೇ ಮಗಳು ರೇಣುಕಾಳನ್ನು ಕಂಪ್ಲಿಗೆ ಕೊಟ್ಟಿದ್ದೇವೆ. ಅವಳೀಗ ಬಸುರಿ. ಕುಬುಸದ ಕಾರ್ಯ, ಅದೇ ಸೀಮಂತ, ಮುಗಿಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಹೆರುವುದು ಹೊಸಪೇಟೆಯ ಆಸ್ಪತ್ರೆಯಲ್ಲಾದರೂ, ಅದಕ್ಕೆ ಮೊದಲು, ಆಮೇಲೆ ತಿಂಗಳುಗಟ್ಟಲೆ ತಾಯಿ ಮಗು ಮಲಗುವುದು ನಮ್ಮ ಮನೆಯ ಒಳಕೋಣೆಯಲ್ಲಿ. ಗಾಳಿ ಆಡದ ಬೆಚ್ಚಗಿನ ಕೋಣೆ ಅದು. ಬಾಣಂತಿಗೆ ಹೇಳಿ ಮಾಡಿಸಿದ ಹಾಗಿದೆ. ತೊಟ್ಟಿಲು ಕಟ್ಟುವ ಕೊಂಡಿ ಅದರ ತೊಲೆಯಲ್ಲೇ ಇದೆ. ಹುಲಿಗೆಮ್ಮ ಆಗಲೇ ಮಂಚ ಒಳಗೆ ಹಾಕಿಸಿ, ಹಳೆಯ ಸೀರೆಗಳನ್ನು ತೊಳೆದು ಮಡಚಿ ಇಟ್ಟಿದ್ದಳು.

ಶಿವರಾತ್ರಿಯಾದ ಮೇಲೆ ಒಂದು ಬೆಳಿಗ್ಗೆ ನಾನು ಒಳಕೋಣೆಗೆ ಹೋದರೆ ಬಾಗಿಲು ಬಿಗಿಯಾಗಿ ಕಚ್ಚಿಕೊಂಡಿತ್ತು. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಕಚ್ಚಿಕೊಳ್ಳುವುದು ಸಹಜ. ಚಳಿಗಾಲ ಕಳೆದ ಮೇಲೆ ಕಟ್ಟಿಗೆ ಒಣಗಿ ಸಡಿಲವಾಗಬೇಕು. ಇದು ಉಲ್ಟಾ ಆಗಿದೆ. ಹಾಗಾದರೆ ಬಾಗಿಲು ಬೆಳೆದಿಲ್ಲ, ಚೌಕಟ್ಟು ಕುಗ್ಗಿದೆ. ಚೌಕಟ್ಟಿನ ಮೇಲಿನ ಗೋಡೆಯಲ್ಲಿ ಕೂತಿರುವುದು ಆ ಕೋಣೆಯ ತೊಲೆ. ಭುಜಕೊಟ್ಟು ಬಾಗಿಲನ್ನು ಎತ್ತಿ ತಳ್ಳಿ ಒಳಗೆ ಹೋದೆ. ಕೋಲಿನಿಂದ ತೊಲೆಯನ್ನು ಬಡಿಯಬೇಕೆಂದರೆ ಕೈ ಬರಲಿಲ್ಲ. ಬಡಿದಿದ್ದಕ್ಕೇ ಬಿದ್ದರೆ? ಒಂದು ನೂಲನ್ನು ಈ ತುದಿಯಿಂದ ಆ ತುದಿಗೆ ಹಿಡಿದು ನೋಡಿದೆ. ತೊಲೆ ನಡುವಿನಲ್ಲಿ ಜೋತುಬಿದ್ದಿತ್ತು. ಮಂಚ ಅದರ ನೇರ ಕೆಳಗಿತ್ತು.

ಹುಲಿಗೆಮ್ಮನಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾಳೆ, ನಕ್ಕರೆ ನನಗೆ ಇನ್ನೂ ಹೆದರಿಕೆಯಾಗುತ್ತದೆ. ನನಗೆ ಗೊತ್ತಿದ್ದ ಔಷಧಿ ಒಂದೇ. ಭಾನುವಾರ ಸವಳು ಮಣ್ಣು ತರಿಸಿ, ಬುಟ್ಟಿ ಹೊತ್ತು ಏಣಿ ಹತ್ತಿದೆ. ಈ ಸಲ ಪ್ರತಿ ವರ್ಷದ ಎರಡರಷ್ಟು ಸುರಿದುಬಿಡಬೇಕು, ಒಂದು ಕೂದಲೆಳೆ ಸೀಳೂ ಉಳಿಯಬಾರದು ಎಂದುಕೊಂಡಿದ್ದೆ. ಬುಟ್ಟಿಯ ಮೇಲೆ ಬುಟ್ಟಿ ಸುರಿಯುತ್ತಿದ್ದರೆ ಹುಲಿಗೆಮ್ಮ ಚಹಾ ಹಿಡಿದು ಮೇಲೆ ಬಂದಳು. ಕುಂಬಿಯ ಮೇಲೆ, ಅದೇ ಮಾಳಿಗೆಯ ಅಂಚಿನ ಮೋಟುಗೋಡೆಯ ಮೇಲೆ ಕೂರಲು ಹೋದವಳು ಕುಕ್ಕರಗಾಲಲ್ಲಿ ಕೂತಂತಾಗಿ ಎದ್ದು ನಿಂತಳು.

"ಇದೇನ್ರೀ? ನಾನು ಮದಿವಿಯಾಗಿ ಬಂದಾಗ ಇದರ ಮ್ಯಾಲ ಕಾಲು ಇಳಿಬಿಟ್ಟು ಕುಂತು ಹಪ್ಪಳ ಕಾಯ್ತಿದ್ದೆ. ಕಾಲು ನೆಲಕ್ಕ ಮುಟ್ತಿರಲಿಲ್ಲ. ಈಗ ನೋಡ್ರಿ, ಗೇಣುದ್ದನೂ ಇಲ್ಲ. ಕುಂಬಿ ಏನ್ ಕೆಳಗ ಇಳದೈತೇನು?"

"ಕುಂಬಿ ಹೆಂಗ ಇಳೀತೈತಲೇ" ಎಂದೆ.

"ಹಂಗಾರ ಮಣ್ಣು ಮ್ಯಾಲ ಬಂದೈತಿ."

ನಾನು ಬುಟ್ಟಿ ಹಿಡಿದೇ ನಿಂತೆ. ಮಳೆನೀರು ಇಳಿಯಲೆಂದು ಕುಂಬಿಯಲ್ಲಿ ಕೂರಿಸಿದ್ದ ಕಲ್ಲಿನ ದೋಣಿ ಎಲ್ಲಿ ಎಂದು ಹುಡುಕಿದೆ. ಅದು ಮಣ್ಣಿನ ಅಡಿಯಲ್ಲಿ ಎಂದೋ ಮುಳುಗಿಹೋಗಿತ್ತು. ಅಜ್ಜ ಹೆದರಿ ಸುರಿದ ಮಣ್ಣಿನ ಮೇಲೆ ಅಪ್ಪ ಹೆದರಿ ಸುರಿದ ಮಣ್ಣು, ಅದರ ಮೇಲೆ ಅವರಿಬ್ಬರಿಗಿಂತ ಹೆಚ್ಚು ಹೆದರಿದ ನನ್ನ ಮಣ್ಣು. ಒಬ್ಬರೂ ಒಂದು ಬೊಗಸೆ ಕೆಳಗೆ ಇಳಿಸಿರಲಿಲ್ಲ. ಒಂದು ಬುಟ್ಟಿ ಹೊತ್ತು ಏಣಿ ಹತ್ತುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಆ ತೊಲೆ ಇದನ್ನೆಲ್ಲ ಹೊತ್ತು ಇಷ್ಟು ವರ್ಷ ಬಾಯಿಮುಚ್ಚಿಕೊಂಡು ನಿಂತಿದೆ. ಮನೆ ಬೀಳದಿರಲಿ ಎಂದು ನಾವು ಮೂರು ತಲೆಮಾರು ಕೂಡಿ ಅದನ್ನು ಬೀಳಿಸುವ ಕೆಲಸ ಮಾಡಿದ್ದೆವು!

"ಹುಲಿಗೀ, ಅಲುಗಬ್ಯಾಡ" ಎಂದೆ.

"ಯಾಕ್ರೀ?"

"ನಾವಿಬ್ರೂ ಒಳಕೋಣಿ ಮ್ಯಾಲ ನಿಂತೀವಿ."

ಅವಳು ನಗಲಿಲ್ಲ. ನನ್ನ ಸಂಸಾರದಲ್ಲಿ ಹುಲಿಗೆಮ್ಮ ನನ್ನ ಮಾತಿಗೆ ನಗದೇ ಇದ್ದದ್ದು ಅದೇ ಮೊದಲು. ಗೋಡೆಯ ನೇರಕ್ಕೆ ಒಬ್ಬರ ಹಿಂದೆ ಒಬ್ಬರು, ಮಲಗಿದ ಮಗುವಿನ ಪಕ್ಕದಲ್ಲಿ ನಡೆದ ಹಾಗೆ ಹೆಜ್ಜೆಯಿಟ್ಟು ಏಣಿಯ ಹತ್ತಿರ ಬಂದೆವು. ಇಳಿದ ಮೇಲೆ ಅವಳು ಚಹಾದ ಲೋಟ ಮೇಲೇ ಉಳಿಯಿತು ಎಂದಳು. ಇರಲಿ ಬಿಡು ಎಂದೆ.

ಮಗಳಿಗೆ ಫೋನು ಮಾಡಿದೆ. ತವರಿಗೆ ಬರಬೇಡ ಎಂದು ಚೊಚ್ಚಲ ಬಸುರಿಗೆ ಯಾವ ಬಾಯಿಂದ ಹೇಳುವುದು? "ಇಲ್ಲಿ ಈಗ ಭಾಳ ಬಿಸಿಲವ್ವ. ಸ್ವಲ್ಪ ದಿನ ತಡೆದು ಬಾ" ಎಂದೆ. ಕಂಪ್ಲಿಯಲ್ಲಿ ಏನು ಬೆಳದಿಂಗಳಿದೆಯೇ ಎಂದು ಅವಳಾದರೂ ಕೇಳಬೇಕಿತ್ತು. ಕೇಳಲಿಲ್ಲ. "ಆತಪ್ಪ" ಎಂದು ಇಟ್ಟುಬಿಟ್ಟಳು. ಆ ಮೂರಕ್ಷರ ನನಗೆ ಸರಿಬರಲಿಲ್ಲ.

ಮಣ್ಣು ಇಳಿಸಲು ಇಬ್ಬರು ಆಳುಗಳನ್ನು ಗೊತ್ತುಮಾಡಿದೆ. ಕಾರ್ಖಾನೆಯಲ್ಲಿ ಮಾಡುವ ಎಲ್ಲ ಕ್ರಮವನ್ನೂ ಮನೆಯಲ್ಲಿ ಮಾಡಿದೆ ಎನ್ನಿ. ಅವರಿಬ್ಬರ ತಲೆಗೂ ನನ್ನ ತಲೆಗೂ ಹೆಲ್ಮೆಟ್, ಸೊಂಟಕ್ಕೆ ಹಗ್ಗ, ಮನೆಯ ಮುಂಬಾಗಿಲಿಗೆ ಅಡ್ಡಲಾಗಿ ಕೆಂಪು ಬಿಳಿ ಪಟ್ಟಿ. ಓಣಿಯೆಲ್ಲ ಕೂಡಿ ನೋಡಿತು. "ಮಣ್ಣು ಇಳಸಾಕತ್ಯಾರೋ, ಇಲ್ಲಾ ಬಾಂಬು ತೆಗ್ಯಾಕತ್ಯಾರೋ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನಾನು ಗೋಡೆಯ ಮೇಲೆ ಕಾಲೂರಿ ನಿಂತು, ಅಂಚಿನಿಂದ ತೆಗೀರಿ, ನಡುವಿಗೆ ಹೋಗಬ್ಯಾಡ್ರಿ ಎಂದು ಕೂಗುತ್ತಿದ್ದೆ. ಸಲಿಕೆ ಆಳಕ್ಕೆ ಹೋದಂತೆ ಹಳೆಯ ವರ್ಷಗಳು ಹೊರಬಂದವು. ಒಂದು ಪದರ ಬಿಳಿ, ಒಂದು ಬೂದಿಬಣ್ಣ, ಗಣಿ ಜೋರಾಗಿದ್ದ ಕಾಲದ್ದು ಅದಿರಿನ ಧೂಳಿಗೆ ಕುಂಕುಮದಷ್ಟು ಕೆಂಪು. ಅಪ್ಪನ ಕಾಲದ ಪದರದಲ್ಲಿ ನನ್ನದೊಂದು ಗೋಲಿ ಸಿಕ್ಕಿತು. ಅದನ್ನು ಜೇಬಿಗೆ ಹಾಕಿಕೊಳ್ಳುವಷ್ಟೂ ಮನಸ್ಸಿಗೆ ನಿರಾಳವಿರಲಿಲ್ಲ.

ಹುಲಿಗೆಮ್ಮ ಆಳುಗಳಿಗೆ ಮಜ್ಜಿಗೆ ತರಲೆಂದು ಎದುರು ಮನೆಗೆ ಹೋಗಿದ್ದಳು. ಆಗ ನನ್ನ ಕಾಲ ಬುಡದಲ್ಲಿ ಮಾಳಿಗೆಗೆ ಬಿಟ್ಟಿದ್ದ ಬೆಳಕಿಂಡಿಯೊಳಗಿನಿಂದ ಒಂದು ದನಿ ಬಂತು.

"ಅವ್ವಾ, ಯಾಕಿಷ್ಟು ಮಣ್ಣು ಉದುರಾಕತ್ತೈತಿ?"

ರೇಣುಕಾಳ ದನಿ! ಬಗ್ಗಿ ನೋಡಿದರೆ ಒಳಕೋಣೆಯ ಕತ್ತಲಿನಲ್ಲಿ ಅವಳ ಮುಖ ಮೇಲೆ ನೋಡುತ್ತಿತ್ತು. ಕೂದಲ ಮೇಲೆ ಮಣ್ಣು ಬಿದ್ದಿತ್ತು. ಹೇಳದೆ ಕೇಳದೆ ಕಂಪ್ಲಿಯಿಂದ ಬಸ್ಸು ಹಿಡಿದು, ಆಟೋದಲ್ಲಿ ಬಂದು, ಮುಂದೆ ಜನ ಕಂಡು ಹಿತ್ತಲಿನಿಂದ ಒಳಗೆ ಬಂದಿದ್ದಳು. ಹಿತ್ತಲಿಗೆ ನಾನು ಪಟ್ಟಿ ಕಟ್ಟಿರಲಿಲ್ಲ. ಸೀರೆ ಬದಲಿಸಲೆಂದು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

"ಸಲಿಕಿ ಬಿಡ್ರಿ! ಯಾರೂ ಅಲುಗಬ್ಯಾಡ್ರಿ!" ಎಂದು ಚೀರಿದೆ. "ರೇಣು, ಹೊರಗ ಬಾ! ಓಡಬ್ಯಾಡ! ಜಲ್ದಿ ಬಾ!"

ಕೆಳಗೆ ಚಿಲಕದ ಸದ್ದು ಕೇಳಿತು. ಇನ್ನೊಮ್ಮೆ ಕೇಳಿತು. ಆಮೇಲೆ ಅವಳ ದನಿ, "ಬಾಗ್ಲಾ ಬರವಲ್ದಪ್ಪ."

ಏಣಿ ಹೇಗೆ ಇಳಿದೆ ಎಂದು ಕೇಳಬೇಡಿ, ನನಗೆ ನೆನಪಿಲ್ಲ. ಹೆಲ್ಮೆಟ್ ಎಲ್ಲಿ ಬಿತ್ತೋ ಗೊತ್ತಿಲ್ಲ. ನಾನೇ ಕಟ್ಟಿದ ಪಟ್ಟಿಯನ್ನು ಹರಿದುಕೊಂಡು ಒಳಗೆ ನುಗ್ಗಿದೆ. ಬಾಗಿಲನ್ನು ಒದ್ದರೆ ಚೌಕಟ್ಟು ಅಲುಗುತ್ತದೆ, ಚೌಕಟ್ಟು ಅಲುಗಿದರೆ ತೊಲೆ. ಹಾಗಾಗಿ ಭುಜಕೊಟ್ಟು ನಿಧಾನವಾಗಿ, ಅಷ್ಟು ಹೆದರಿಕೆಯಲ್ಲೂ ನಿಧಾನವಾಗಿ, ಮೇಲಕ್ಕೆ ಎತ್ತಿ ತಳ್ಳಿದೆ. ಮೇಲೆ ಎಲ್ಲೋ ಕಟ್ಟಿಗೆ ಕಟಕ್ಕೆಂದಿತು. ಬಾಗಿಲು ಮೈ ತೂರುವಷ್ಟು ತೆರೆಯಿತು. ಆದರೆ ಅವಳ ಹೊಟ್ಟೆ ತೂರುವಷ್ಟು ತೆರೆದಿರಲಿಲ್ಲ. ಇನ್ನೊಮ್ಮೆ ಎತ್ತಿದೆ. ಅವಳು ಎರಡೂ ಕೈಯನ್ನು ಹೊಟ್ಟೆಯ ಮೇಲೆ ಹಿಡಿದು ಅಡ್ಡಲಾಗಿ ಹೊರಗೆ ಬಂದಳು. ತೋಳು ಹಿಡಿದು ಅಂಗಳ ದಾಟಿ, ಓಣಿ ದಾಟಿ, ಎದುರು ಮನೆಯ ಕಟ್ಟೆಯ ಮೇಲೆ ಕೂರಿಸಿದ ಮೇಲೇ ನಾನು ಹಿಂತಿರುಗಿ ನೋಡಿದ್ದು.

ಮಾಳಿಗೆ ಬೀಳಲಿಲ್ಲ. ಬಿದ್ದಿದ್ದರೆ ಈ ಪುಕ್ಕಲನಿಗೆ ಓಣಿಯಲ್ಲಿ ದೊಡ್ಡ ಹೆಸರು ಬರುತ್ತಿತ್ತೇನೋ. ಆಳುಗಳು ಮಜ್ಜಿಗೆ ಕುಡಿದು, ಸಂಜೆಯ ಹೊತ್ತಿಗೆ ಒಳಕೋಣೆಯ ಮೇಲಿನ ಮಣ್ಣನ್ನೆಲ್ಲ ಇಳಿಸಿದರು. ಕಟ್ಟಿಗೆ ಸೀಳುಗಳನ್ನು ತೆಗೆದ ಮೇಲೆ ತೊಲೆ ಬಯಲಾಯಿತು. ಅದರ ಮೈಯಲ್ಲಿ ಉದ್ದಕ್ಕೂ ಸೀಳು ಹೋಗಿತ್ತು, ನನ್ನ ಬೆರಳು ಗೆಣ್ಣಿನವರೆಗೆ ಒಳಗೆ ಹೋಯಿತು. ಬೆಳಿಗ್ಗೆ ನಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದು ಬೆರಳಿಟ್ಟು ನೋಡಿ, ತಮ್ಮ ತಮ್ಮ ಮನೆಗೆ ಹೋಗಿ ಏಣಿ ಹಾಕಿದರು. ಹುಲಿಗೆಮ್ಮ ಎದುರು ಮನೆಯವರ ಹತ್ತಿರ ಅವರ ಹೊಸ ಕೋಣೆಯನ್ನು ಬಾಣಂತನಕ್ಕೆ ಕೇಳಿ ಒಪ್ಪಿಸಿಕೊಂಡು, ಮಂಚ ಸಾಗಿಸುವುದಕ್ಕೆ ಓಡಾಡುತ್ತಿದ್ದಳು.

ನಾನು ಕಟ್ಟೆಯ ಮೇಲೆ ಮಗಳ ಪಕ್ಕ ಕೂತೆ. ಹೆದರಿಕೆ ಇಳಿದ ಮೇಲೆ ನನಗೆ ಸಿಟ್ಟು ಬರುತ್ತದೆ, ಅದೊಂದು ನನ್ನ ಕೆಟ್ಟ ಗುಣ. "ಬರಬ್ಯಾಡ ಅಂದಿದ್ದೆ. ಹೇಳದ ಕೇಳದ ಯಾಕ ಬಂದಿ? ಬಸ್ಸಿನಾಗ, ಇಂಥಾ ಹೊಟ್ಟಿ ಹೊತ್ಕೊಂಡು? ಅಲ್ಲಿ ಏನ್ ಕಡಿಮಿ ಆಗಿತ್ತು? ಅತ್ತಿ ನೋಡ್ಕೊಳ್ಳಂಗಿಲ್ಲೇನು?"

"ಚೊಲೋ ನೋಡ್ಕೊಂತಾರ" ಎಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಎಲ್ಲಾರೂ ಧೈರ್ಯ ಹೇಳ್ತಾರಪ್ಪ. ಅತ್ತಿ ಹೇಳ್ತಾರ, ಇವ್ರು ಹೇಳ್ತಾರ, ಡಾಕ್ಟ್ರೂ ಹೇಳ್ತಾರ. ಫೋನ್ ಮಾಡಿದ್ರ ಅವ್ವ ನಗ್ತಾಳ. ನನಗ ಭಾಳ ಹೆದ್ರಿಕಿ ಆಗೈತಿ ಅಂತ ಹೇಳಾಕ ಒಬ್ರೂ ಇಲ್ಲ. ನೀನಾದ್ರ ಹೆದರಾವ. ಅದಕ್ಕ ನಿನ್ನ ಹತ್ರ ಬಂದೀನಿ."

ಜಂತಿಯಾದರೆ ಬಡಿದು ನೋಡಬಹುದು, ಮಣ್ಣಾದರೆ ಇಳಿಸಬಹುದು. ನನ್ನ ಮಗಳು ನನ್ನೆದುರು ಹೆದರಿ ಕೂತಿದ್ದಳು. ಶಿವರಾತ್ರಿಯಿಂದ ನಾನು ಹೆದರುತ್ತಿದ್ದುದು ತೊಲೆಗಲ್ಲ, ಇವಳ ಹೆರಿಗೆಗೇ ಎಂದು ಆಗ ಗೊತ್ತಾಯಿತು. ಏನೂ ಆಗಂಗಿಲ್ಲವ್ವ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

"ನನಗೂ ಭಾಳ ಹೆದ್ರಿಕಿ ಆಗೈತಿ, ರೇಣು" ಎಂದೆ.

ಅವಳು ನನ್ನ ಮಣ್ಣುಗೈಯನ್ನು ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಬಂದಾಗಿನಿಂದ ಬಿಗಿಹಿಡಿದಿದ್ದ ಅಳುವನ್ನು ಆಮೇಲೆ ಅತ್ತಳು.